ಕ್ಲಿಪ್ಪಿಲ್ಲದ ಹಗ್ಗ

ಮಾತಾಡುವಾಗ ಶಿವಗಂಗಾ ನನ್ನ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದಳು. ರೆಪ್ಪೆ ಬಡಿಯದೆ, ಒಂದಿಷ್ಟೂ ನಾಚದೆ. ನಾನದನ್ನು ತಪ್ಪಾಗಿ ತಿಳಿದುಕೊಂಡೆ. ಮೂವತ್ತು ವರ್ಷ ಯಾವ ಹುಡುಗಿಯೂ ತಿರುಗಿ ನೋಡದ ಗಂಡಸು ಇನ್ನೇನು ತಿಳಿದುಕೊಳ್ಳುತ್ತಾನೆ ಹೇಳಿ.

ಮೊದಲ ಸಲ ಹಾಗೆ ನೋಡಿದಾಗ ಮೀಸೆಗೆ ಚಹಾ ಅಂಟಿದೆಯೇನೋ ಎಂದು ಬಾಯಿಗೆ ಕೈ ಅಡ್ಡ ಹಿಡಿದೆ. ಅವಳು ಹುಬ್ಬು ಗಂಟಿಕ್ಕಿ, "ಕೈ ತಗೀರಿ" ಎಂದಳು. ಆ ಎರಡು ಮಾತು ಹಿಡಿದುಕೊಂಡು ನಾನು ನಾಲ್ಕು ದಿನ ಖುಷಿಯಾಗಿದ್ದೆ.

ನನ್ನ ಹೆಸರು ಪರಮಾನಂದ. ಹೆಸರಿಟ್ಟ ಅಜ್ಜಿಗೆ ನಾನು ಮುಂದೆ ಎಂಥವನಾಗುತ್ತೇನೆಂದು ಗೊತ್ತಿರಲಿಲ್ಲ, ಪಾಪ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸ್ ಬರುವ ಪೈಕಿ ನಾನು. ಊರು ಲಕ್ಷ್ಮೇಶ್ವರದ ಕಡೆ, ಕೆಲಸ ಪೀಣ್ಯದ ಒಂದು ಸ್ಪ್ರಿಂಗ್ ಫ್ಯಾಕ್ಟರಿಯಲ್ಲಿ. ತುಮಕೂರು ರಸ್ತೆಯ ನಡುವೆ ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷ ಅದು. ಚಿಕ್ಕಬಾಣಾವರದಲ್ಲಿ ಅನುಸೂಯಮ್ಮನವರ ವಠಾರದಲ್ಲಿ ಒಂದು ರೂಮು ಹಿಡಿದಿದ್ದೆ. ಆರು ರೂಮಿಗೆ ಸೇರಿ ಒಂದು ಟೆರೇಸು. ಅದರ ಹಿಂದೆ ಚರಂಡಿ, ಚರಂಡಿಯಾಚೆ ರೈಲು ಹಳಿ.

ಶಿವಗಂಗಾ ಕೊನೆಯ ರೂಮಿನಲ್ಲಿ ಅಕ್ಕ ಬಸಕ್ಕನ ಜೊತೆ ಇದ್ದಳು. ಕೊಪ್ಪಳದ ಕಡೆಯವಳು. ಪೀಣ್ಯದ ಪ್ರೆಸ್ ಶಾಪೊಂದರಲ್ಲಿ ತಗಡಿನಿಂದ ವಾಷರ್ ಕತ್ತರಿಸುವ ಮಷೀನಿನ ಮುಂದೆ ಐದು ವರ್ಷದಿಂದ ಕೂರುತ್ತಿದ್ದಳು.

ನಮ್ಮ ಟೆರೇಸಿನಲ್ಲಿ ಬಟ್ಟೆಗೆ ಕ್ಲಿಪ್ಪು ಹಾಕುವ ಹಾಗಿರಲಿಲ್ಲ. ನನ್ನ ಕ್ಲಿಪ್ಪು ನೀನು ಕದ್ದೆ, ನಿನ್ನದು ಅವಳು ಕದ್ದಳು ಎಂದು ಹೆಂಗಸರು ಯುಗಾದಿ ದಿನವೇ ಜುಟ್ಟು ಹಿಡಿದುಕೊಂಡ ಮೇಲೆ ಅನುಸೂಯಮ್ಮ ಎಲ್ಲ ಕ್ಲಿಪ್ಪುಗಳನ್ನೂ ಒಂದು ಬಕೆಟ್ಟಿಗೆ ಸುರಿದು ತಮ್ಮ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರು.

"ಇನ್ಮೇಲೆ ನನ್ ಟೆರೇಸಲ್ಲಿ ಯಾರೂ ಕಿಲಿಪ್ಪು ಆಕಂಗಿಲ್ಲ. ಬಟ್ಟೆ ಬಿದ್ರೆ ಓಗಿ ಎತ್ಕಂಬನ್ನಿ" ಎಂದು ತೀರ್ಪು ಕೊಟ್ಟರು.

ಆ ವರ್ಷ ಆಷಾಢದ ಗಾಳಿ ಆಷಾಢಕ್ಕೆ ಮೊದಲೇ ಎದ್ದಿತು. ಬಟ್ಟೆಗಳು ಚರಂಡಿ ದಾಟಿ ಹಳಿ ಮೇಲೆ ಬೀಳತೊಡಗಿದವು. ಶಿವಗಂಗಾಳ ಹತ್ತಿರ ಇದ್ದದ್ದು ಎರಡೇ ಯೂನಿಫಾರ್ಮು. ಅದಿಲ್ಲದೆ ಹೋದರೆ ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದರು. ಹಾಗಾಗಿ ಅವಳು ಹಳಿಗೆ ಇಳಿಯುತ್ತಿದ್ದಳು. ಹೋದವಳು ತನ್ನದಷ್ಟೇ ತರದೆ ಎಲ್ಲರ ಬಟ್ಟೆಯನ್ನೂ ಆಯ್ದುಕೊಂಡು ಬಂದು ಒಂದೊಂದು ಬಾಗಿಲಿಗೂ ಹಂಚುತ್ತಿದ್ದಳು.

"ಇದು ನಿಮ್ದೇನ್ರಿ?"

ನನ್ನ ನೀಲಿ ಚೌಕಳಿ ಅಂಗಿ. "ಹೌದು, ನಂದೇ."

"ಗುಂಡಿ ಒಂದು ಹೋಗೈತಿ."

"ಮೊದಲೇ ಹೋಗಿತ್ತು."

"ಹಚ್ಚಿಕೊಳ್ಳಾಕ ಬರಂಗಿಲ್ಲೇನು?"

ಕೇಳಿ, ಉತ್ತರಕ್ಕೆ ಕಾಯುತ್ತ ನನ್ನ ತುಟಿಯನ್ನೇ ನೋಡುವಳು. ಬಲಗಡೆಯ ಹುಬ್ಬು ಕೊಂಚ ಏರಿರುತ್ತಿತ್ತು. ಮಾತಿನ ನಡುವೆ ಕರೆಂಟು ಹೋದರೆ ಅರ್ಧಕ್ಕೇ ಬಿಟ್ಟು ಹೊರಟುಬಿಡುವಳು. ಕತ್ತಲಲ್ಲಿ ನಾಚಿಕೆಯಾಗುತ್ತದೇನೋ ಎಂದುಕೊಂಡೆ.

ಈಗ ಒಂದು ಪಾಪ ಹೇಳಿಬಿಡಬೇಕು. ಉಳಿದವರು ಅಂಗಿಯ ತೋಳು ಗಂಟು ಹಾಕಿ, ಲಂಗದ ಲಾಡಿ ಕಟ್ಟಿ ಬಟ್ಟೆ ಉಳಿಸಿಕೊಳ್ಳಲು ಒದ್ದಾಡುತ್ತಿದ್ದರೆ, ನಾನು ನೀಲಿ ಅಂಗಿಯನ್ನು ಬೇಕೆಂದೇ ಸಡಿಲವಾಗಿ ತಗುಲಿಸಿ, ಕೆಳಗೆ ಬಂದು ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಿದ್ದೆ. ಅಂಗಿ ಬಿದ್ದರೆ ಅವಳು ಬರುತ್ತಾಳೆ. ನಾನು ಯೋಚಿಸಿದ್ದು ಅಷ್ಟೇ.

ಒಂದು ಭಾನುವಾರ ಬೆಳಗ್ಗೆ ಟೆರೇಸಿನಲ್ಲಿ ಉಳಿದ ಬಟ್ಟೆ ಹರವುತ್ತಿದ್ದೆ. ನೀಲಿ ಅಂಗಿ ಆಗಲೇ ಹಾರಿ ಹಳಿಗಳ ನಡುವೆ ಬಿದ್ದಿತ್ತು. ಶಿವಗಂಗಾ ಬಗ್ಗಿ ಅದನ್ನು ಜಲ್ಲಿಕಲ್ಲಿನಿಂದ ಬಿಡಿಸುತ್ತಿದ್ದಳು. ಅಷ್ಟರಲ್ಲಿ ತಿರುವಿನಲ್ಲಿ ಎಕ್ಸ್‌ಪ್ರೆಸ್ ಕಾಣಿಸಿತು. ನಮ್ಮ ಸ್ಟೇಷನ್ನಿನಲ್ಲಿ ನಿಲ್ಲದ ಗಾಡಿ. ಹಾರ್ನ್ ಹೊಡೆಯುತ್ತಲೇ ಬರುತ್ತಿತ್ತು. ನಾನು ಕೂಗಿದೆ. ಅವಳು ತಲೆ ಎತ್ತಲಿಲ್ಲ. ಗಂಟಲು ಹರಿಯುವ ಹಾಗೆ ಕೂಗಿದೆ. ಆಗಲೂ ಎತ್ತಲಿಲ್ಲ.

ಮೆಟ್ಟಿಲು ಇಳಿದೆನೋ ಉರುಳಿದೆನೋ ಗೊತ್ತಿಲ್ಲ. ಚರಂಡಿ ತಲುಪುವಷ್ಟರಲ್ಲಿ ಗಾಡಿ ನನ್ನ ಮುಂದೆ ಹರಿಯುತ್ತಿತ್ತು. ಹದಿನೆಂಟು ಬೋಗಿ. ಅಷ್ಟೂ ಬೋಗಿ ದಾಟುವವರೆಗೆ ನನ್ನ ಗತಿ ಏನಾಗಿತ್ತೆಂದು ಇವತ್ತಿಗೂ ಯಾರಿಗೂ ಹೇಳಿಲ್ಲ.

ಗಾಡಿ ಹೋದ ಮೇಲೆ ಆಚೆ ಬದಿಯಲ್ಲಿ ಅವಳು ಅಂಗಿಯ ಮಣ್ಣು ಕೊಡವುತ್ತ ನಿಂತಿದ್ದಳು. ನಿಧಾನವಾಗಿ ದಾಟಿ ಬಂದು, "ಇದು ನಿಮ್ದ ಅಲ್ಲೇನ್ರಿ?" ಎಂದಳು.

"ಸಾಯಾಕ ಹೋಗಿದ್ದೇನು? ಅಷ್ಟು ಒದರಾಕ್ಹತ್ತೀನಿ, ಕಿವಿ ಕೇಳಂಗಿಲ್ಲೇನು ನಿನಗ? ಒಂದು ಅಂಗಿ ಸಲುವಾಗಿ ಯಾರರ ಜೀವಾ ಕೊಡ್ತಾರೇನು?" ಹೇಳುತ್ತ ಹೇಳುತ್ತ ಕಣ್ಣು ತುಂಬಿ ಬಂತು. ಅದು ಕಾಣಬಾರದೆಂದು ಬೆನ್ನು ತಿರುಗಿಸಿಕೊಂಡು ಬೈಯುತ್ತಲೇ ಇದ್ದೆ.

ಹಿಂದಿನಿಂದ ಅವಳ ದನಿ ಬಂತು. "ಈ ಕಡೆ ತಿರುಗಿ ಬೈರಿ. ಬೆನ್ನು ಮಾಡಿ ಬೈದ್ರ ನನಗ ತಿಳಿಯಂಗಿಲ್ಲ."

ತಿರುಗಿದೆ. ಅವಳು ನನ್ನ ತುಟಿ ನೋಡುತ್ತಿದ್ದಳು.

"ಎಡಗಿವಿ ಪೂರಾ ಹೋಗೈತಿ, ಬಲಗಿವಿ ಅರ್ಧ. ಪ್ರೆಸ್ ಮಷೀನಿನ ಸಪ್ಪಳಕ್ಕ" ಎಂದಳು. "ಫ್ಯಾಕ್ಟರ್‍ಯಾಗ ಯಾರಿಗೂ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ ಮತ್ತ. ಗಾಡಿ ಬಂದ್ರ ನನಗ ಕಾಲಿಗೆ ಗೊತ್ತಾಗತೈತಿ, ನೆಲ ನಡುಗತೈತಲ್ಲ."

"ಇನ್ನ ಮ್ಯಾಲೆ ಇಳೀಬ್ಯಾಡ."

"ಹಂಗಾದ್ರ ಬಟ್ಟಿ ಬೀಳದಂಗ ಮಾಡ್ರಿ. ಬಿದ್ರ ನಾ ಹೋಗಾಕೇ ಬೇಕು."

ಎರಡು ತಿಂಗಳು ನಾನು ಕಟ್ಟಿಕೊಂಡಿದ್ದ ಆಸೆ ಅಲ್ಲಿಗೆ ನೆಲಕ್ಕೆ ಬಿತ್ತು. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಮಾತನ್ನು. ಆದರೆ ಅದಕ್ಕೆ ಬೇಜಾರು ಪಡಲೂ ಪುರುಸೊತ್ತಿರಲಿಲ್ಲ. ನಾನು ಸಡಿಲವಾಗಿ ಹಾಕಿದ ಅಂಗಿ ಅವಳ ಜೀವ ತೆಗೆದುಬಿಡುತ್ತಿತ್ತು. ಕಣ್ಣು ಮುಚ್ಚಿದರೆ ಹದಿನೆಂಟು ಬೋಗಿ.

ಮರುದಿನವೇ ಫ್ಯಾಕ್ಟರಿಯ ರಿಜೆಕ್ಟ್ ರಾಶಿಯಿಂದ ಉದ್ದನೆಯ ಸ್ಪ್ರಿಂಗ್ ಆರಿಸಿಕೊಂಡೆ. ಸುರುಳಿಗಳು ಒಂದಕ್ಕೊಂದು ಒತ್ತಿಕೊಂಡಿರುವ ಜಾತಿ ಅದು. ಬೆರಳಿನಿಂದ ಕೊಂಚ ಬಿಡಿಸಿ ಬಟ್ಟೆಯ ಅಂಚು ತೂರಿಸಿದರೆ ಸಾಕು, ಕಚ್ಚಿ ಹಿಡಿಯುತ್ತದೆ. ನಮ್ಮ ಫೋರ್‌ಮನ್ ದ್ಯಾಮಣ್ಣ ನೋಡಿದರು.

"ಏನ್ ಗುರು, ಇದನ್ನ ಮನೆಗೆ ತಗೊಂಡೋಗಿ ಏನ್ ಮಾಡ್ತೀಯ?"

"ಬಟ್ಟೆ ಒಣಗ್ಸೋಕೆ ಸಾರ್."

"ಹೆಣ್ಣು ಕೊಡೋರ ಮುಂದೆ ಮಾತ್ರ ಹೇಳ್ಬೇಡ ಇದನ್ನ" ಎಂದು ಗೇಟ್ ಪಾಸಿಗೆ ಸಹಿ ಹಾಕಿದರು.

ಟೆರೇಸಿನಲ್ಲಿ ಹಗ್ಗದ ಬದಲು ಕಟ್ಟಿದ ಸ್ಪ್ರಿಂಗು ಹಿಡಿಯಿತು, ಚೆನ್ನಾಗಿಯೇ ಹಿಡಿಯಿತು. ಮೂರನೇ ದಿನ ಶಿವಗಂಗಾ ತಿಳಿನೀಲಿ ಯೂನಿಫಾರ್ಮು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಳು. ಅಂಚಿಗೆ ತುಕ್ಕಿನ ಗೀರುಗಳು ಸಾಲಾಗಿ ಮೂಡಿದ್ದವು. ಹತ್ತು ವರ್ಷ ಸ್ಪ್ರಿಂಗ್ ಮಾಡಿದವನಿಗೆ ಅದು ನೀರು ಕಂಡರೆ ತುಕ್ಕು ಹಿಡಿಯುತ್ತದೆಂಬುದು ನೆನಪಾಗಿರಲಿಲ್ಲ.

"ನಿಂಬಿಹಣ್ಣು ಉಪ್ಪು ಹಚ್ಚಿ ತಿಕ್ಕಿ ಕೊಡ್ತೀನಿ" ಎಂದೆ.

"ಇರಲಿ ಬಿಡ್ರಿ. ಬಾರ್ಡರ್ ಛಲೋ ಬಂದೈತಿ." ನಕ್ಕಳೋ ಇಲ್ಲವೋ ತಿಳಿಯಲಿಲ್ಲ. ತುಟಿಯ ಒಂದು ಮೂಲೆ ಮಾತ್ರ ಒಳಗೆ ಹೋಯಿತು.

ಸ್ಪ್ರಿಂಗು ಬಿಚ್ಚಿಹಾಕಿ, ಆಮೇಲಿನ ಎರಡು ಭಾನುವಾರ ನಾನು ಬೆಳಗಿನಿಂದ ಟೆರೇಸಿನಲ್ಲೇ ಕಾವಲು ಕೂತೆ. ಯಾರದೇ ಬಟ್ಟೆ ಹಾರಲಿ, ಅವಳಿಗಿಂತ ಮೊದಲು ನಾನು ಓಡಬೇಕು. ಅವಳೂ ಓಡುತ್ತಿದ್ದಳು. ಹಳಿಯ ಹತ್ತಿರ ಎದುರುಬದುರಾಗಿ ಏದುಸಿರು ಬಿಡುತ್ತ ನಿಂತರೆ, "ಹುಚ್ಚಪ್ಪ" ಎನ್ನುವಳು. ವಾರದ ದಿನ ಪಾಳಿ ಬೇರೆಯಾದರೆ ನಾನು ಮಷೀನಿನ ಮುಂದೆ ನಿಂತು ಬೆವರುತ್ತಿದ್ದೆ. ಈಗ ಗಾಳಿ ಎದ್ದಿರಬಹುದು. ಈಗ ಅವಳು ಇಳಿದಿರಬಹುದು. ತಯಾರಾದ ಸ್ಪ್ರಿಂಗಿನ ಅಳತೆ ಎರಡೆರಡು ಸಲ ತಪ್ಪಿತು.

ದಾರಿ ಹೊಳೆದದ್ದು ಬಸ್ ಸ್ಟಾಪಿನಲ್ಲಿ. ಅವಳು ನನ್ನ ಮುಂದೆ ನಿಂತಿದ್ದಳು. ಗಾಳಿ ಧೂಳೆಬ್ಬಿಸುತ್ತಿತ್ತು, ಅವಳ ಜಡೆಯ ಕನಕಾಂಬರ ಮಾತ್ರ ಅಲ್ಲಾಡುತ್ತಿರಲಿಲ್ಲ. ಪಿನ್ನಿರಲಿಲ್ಲ. ನಾನು ಬಗ್ಗಿ ನೋಡುತ್ತಿದ್ದದ್ದು ಬೆನ್ನಿಗೆ ಹೇಗೆ ತಿಳಿಯಿತೋ, ತಿರುಗಿದಳು.

"ಏನು ನೋಡಾಕ್ಹತ್ತೀರಿ?"

"ಜಡಿ."

"ಯಾಕ, ಜಡಿ ಕಂಡಿಲ್ಲೇನು?"

"ಪಿನ್ನಿಲ್ಲದ ಹೂವು ಹೆಂಗ ನಿಂತೈತಿ?"

ಅವಳು ಜಡೆಯನ್ನು ಮುಂದಕ್ಕೆ ಎಳೆದುಕೊಂಡು ತೋರಿಸಿದಳು. ಎಳೆಗಳ ನಡುವೆ ದಂಡೆಯ ದಾರ ಸಿಕ್ಕಿಸಿದ್ದಳು, ಅಷ್ಟೇ. "ಬಿಗಿಯಾಗಿ ಹೆಣೆದ್ರ ತಾನೇ ಹಿಡೀತೈತಿ. ಸಡ್ಲಾತಂದ್ರ ಬೀಳ್ತೈತಿ." ಹೇಳಿ, ಜಡೆಯನ್ನು ಹಿಂದಕ್ಕೆ ಎಸೆದಳು. ಅವತ್ತು ನನ್ನ ಬಸ್ಸು ಬಂದು ಹೋದದ್ದು ಗೊತ್ತಾಗಲಿಲ್ಲ.

ಅದೇ ಸಂಜೆ ಎರಡು ನೈಲಾನ್ ಹಗ್ಗ ತಂದು, ಒಂದಕ್ಕೊಂದು ಹುರಿ ಮಾಡಿ, ನೀರಿನ ಟ್ಯಾಂಕಿನ ಪೈಪಿನಿಂದ ಮೆಟ್ಟಿಲ ಗೋಡೆಯ ಕೊಂಡಿಯವರೆಗೆ ಎಳೆದು ಕಟ್ಟಿದೆ. ಎಳೆಗಳ ನಡುವೆ ಬಟ್ಟೆಯ ತುದಿ ಸಿಕ್ಕಿಸಿದರೆ ಕೂತುಕೊಳ್ಳುತ್ತಿತ್ತು. ಆದರೆ ಒದ್ದೆ ಬಟ್ಟೆಯ ಭಾರಕ್ಕೆ ನಾಲ್ಕೇ ದಿನದಲ್ಲಿ ಹಗ್ಗ ಜೋತುಬಿತ್ತು, ಹುರಿ ಬಿಚ್ಚಿಕೊಂಡಿತು, ಅನುಸೂಯಮ್ಮನವರ ಬೆಡ್‌ಶೀಟು ಚರಂಡಿ ಸೇರಿತು.

"ಜಡೆ ಎಣ್ದಂಗೆ ಎಣ್ದು ನನ್ ಬೆಡ್‌ಶೀಟ್ ಮೋರಿಗೆ ಆಕ್ದಲ್ಲಪ್ಪ" ಎಂದು ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು.

"ಇನ್ನೊಂದು ವಾರ ಕೊಡಿ ಅಮ್ಮ."

ಹುರಿ ಸಡಿಲಾಗಬಾರದು. ಹಗ್ಗ ಎಷ್ಟು ಹಿಗ್ಗಿದರೂ ಯಾರಾದರೂ ಅದನ್ನು ಜಗ್ಗಿ ಹಿಡಿದುಕೊಂಡೇ ಇರಬೇಕು. ಆ ಕೆಲಸಕ್ಕೆ ಇರುವುದೇ ಸ್ಪ್ರಿಂಗು. ಹಗ್ಗದ ಒಂದು ತುದಿಗೆ, ಬಟ್ಟೆ ತಾಗದ ಜಾಗದಲ್ಲಿ, ಗಟ್ಟಿ ಸ್ಪ್ರಿಂಗೊಂದನ್ನು ಕೊಂಡಿ ಹಾಕಿ, ತುಕ್ಕು ಹಿಡಿಯದಂತೆ ಹಳೇ ಸೈಕಲ್ ಟ್ಯೂಬು ತೊಡಿಸಿದೆ. ಈಗ ಭಾರ ಬಿದ್ದಷ್ಟೂ ಹುರಿ ಬಿಗಿಯಾಗುತ್ತಿತ್ತು. ಒಂದು ಕೈಯಲ್ಲಿ ಜಗ್ಗಿದರೆ ಕರವಸ್ತ್ರವೂ ಹೊರಗೆ ಬರುತ್ತಿರಲಿಲ್ಲ.

ಭಾನುವಾರ ಆರೂ ಮನೆಯ ಬಟ್ಟೆ ಅದರ ಮೇಲೆ ಹತ್ತಿತು. ಎಕ್ಸ್‌ಪ್ರೆಸ್ ಬಂತು, ಗಾಳಿಯೂ ಬಂತು, ಸೀರೆಗಳು ಅಡ್ಡಡ್ಡ ಎದ್ದು ಹಾರಾಡಿದವು. ಒಂದೂ ಬೀಳಲಿಲ್ಲ. ಅನುಸೂಯಮ್ಮ, "ಪರ್ವಾಗಿಲ್ಲ ಕಣಪ್ಪ ನೀನು" ಎಂದು ಕೆಳಗಿಳಿದರು. ಟೆರೇಸಿನಲ್ಲಿ ನಾವಿಬ್ಬರೇ ಉಳಿದೆವು.

"ಇಷ್ಟ್ಯಾಕ ತ್ರಾಸ ತಗೊಂಡ್ರಿ?" ಶಿವಗಂಗಾ ಕೇಳಿದಳು.

ಸುಳ್ಳು ಹೇಳಬಹುದಿತ್ತು. ಆದರೆ ಅಷ್ಟು ಹತ್ತಿರದಿಂದ ತುಟಿ ನೋಡುವವಳ ಮುಂದೆ ಸುಳ್ಳು ಹೇಗೆ ಹೇಳುವುದು. "ಆವತ್ತು ಆ ಅಂಗಿ ತಾನಾಗೇ ಬಿದ್ದಿದ್ದಲ್ಲ. ನಾನೇ ಸಡ್ಲ ಹಾಕಿದ್ದೆ. ನೀ ತಂದು ಕೊಡ್ತಿ ಅಂತ."

ನಾನು ಮಾತು ನಿಲ್ಲಿಸಿದ ಮೇಲೂ ಅವಳು ತುಟಿಯನ್ನೇ ನೋಡುತ್ತಿದ್ದಳು, ಇನ್ನೂ ಏನಾದರೂ ಬರುತ್ತದೆಯೇ ಎಂದು. ಬರಲಿಲ್ಲ. ಅವಳು ಖಾಲಿ ಬಕೆಟ್ಟು ಎತ್ತಿಕೊಂಡು ಇಳಿದು ಹೋದಳು.

ಎಂಟು ದಿನ ಮಾತಿಲ್ಲ. ಹಗ್ಗ ಮಾತ್ರ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿತ್ತು. ಏನೂ ಬೀಳುತ್ತಿರಲಿಲ್ಲ. ಬೀಳದಿದ್ದರೆ ಅವಳು ನನ್ನ ಬಾಗಿಲಿಗೆ ಬರುವ ಕಾರಣವೇ ಇರಲಿಲ್ಲ. ನನ್ನ ಕೈಯಾರೆ ನಾನೇ ಬಾಗಿಲು ಮುಚ್ಚಿಕೊಂಡಿದ್ದೆ. ಆದರೂ ಬಿಚ್ಚಿ ಹಾಕಲು ಮನಸ್ಸು ಬರಲಿಲ್ಲ. ದಿನಾ ಬೆಳಗ್ಗೆ ಹೋಗಿ ಸ್ಪ್ರಿಂಗು ಮುಟ್ಟಿ ನೋಡಿ ಬರುತ್ತಿದ್ದೆ. ಅವಳು ಸಿಟ್ಟಾಗಿಯೇ ಇರಲಿ, ಬದುಕಿರಲಿ ಎಂದುಕೊಳ್ಳುತ್ತಿದ್ದೆ. ಹಾಗೆಂದುಕೊಂಡರೂ ಊಟ ಸೇರುತ್ತಿರಲಿಲ್ಲ.

ಒಂಬತ್ತನೇ ದಿನ ಸಂಜೆ ಕೆಲಸದಿಂದ ಬಂದು ಟೆರೇಸು ಹತ್ತಿದೆ. ಹುರಿ ಬಿಗಿಯಾಗಿತ್ತು. ಎಲ್ಲರ ಬಟ್ಟೆಯೂ ಇತ್ತು. ನನ್ನ ನೀಲಿ ಅಂಗಿ ಮಾತ್ರ ಇರಲಿಲ್ಲ.

ಎಲ್ಲಿ ತಪ್ಪಿದೆ? ಹಾರಿದ್ದರೆ ಅವಳು ಇಳಿದಿರುತ್ತಾಳೆ. ಓಡಿದೆ. ಹಳಿಯ ಎರಡೂ ಕಡೆ ಕಣ್ಣಿಗೆ ಕಾಣುವಷ್ಟು ದೂರ ನೋಡಿದೆ. ಅಂಗಿ ಇರಲಿಲ್ಲ, ಅವಳೂ ಇರಲಿಲ್ಲ. ಚರಂಡಿಯಲ್ಲಿ, ಪೊದೆಯಲ್ಲಿ ಹುಡುಕಿದೆ. ದೂರದಲ್ಲಿ ಹಾರ್ನ್ ಕೇಳಿ ಹಿಂದೆ ಸರಿದು ನಿಂತೆ. ಗಾಡಿ ದಾಟಿದ ಮೇಲೆ ಮತ್ತೊಮ್ಮೆ ನೋಡಿ, ರೂಮಿಗೆ ಬಂದು ಮಂಚದ ಮೇಲೆ ಕೂತೆ.

ಬಾಗಿಲು ಬಡಿದ ಸದ್ದಾಯಿತು.

"ಇದು ನಿಮ್ದೇನ್ರಿ?"

ಶಿವಗಂಗಾ ಅಂಗಿ ಹಿಡಿದು ನಿಂತಿದ್ದಳು. ಅದಕ್ಕೆ ಒಂದು ಚೂರೂ ಮಣ್ಣಾಗಿರಲಿಲ್ಲ. ಹೋದ ಗುಂಡಿಯ ಜಾಗದಲ್ಲಿ ತಿಳಿನೀಲಿ ಗುಂಡಿಯೊಂದು ಕೂತಿತ್ತು, ಯೂನಿಫಾರ್ಮಿನದು.

"ಮತ್ತ ಹಳಿಗೆ ಇಳಿದಿದ್ದೇನು?"

"ಇಲ್ಲ. ಹಗ್ಗದಾಗಿಂದ ಬಿತ್ತು."

"ಆ ಹಗ್ಗದಾಗಿಂದ ಏನೂ ಬೀಳಂಗಿಲ್ಲ."

"ಗೊತ್ತೈತಿ" ಎಂದಳು. "ಎರಡೂ ಕೈಲೆ ಜಗ್ಗಿ ತಗದೀನಿ."

ಅವಳೇ ಮುಂದುವರಿಸಿದಳು. "ಎಂಟು ದಿನ ಭಾಳ ಸಿಟ್ಟಿತ್ತು. ನಾ ಆವತ್ತು ಸತ್ತಿದ್ರ ಏನು ಮಾಡ್ತಿದ್ರಿ? ಆಮ್ಯಾಲೆ ನೋಡಿದೆ, ದಿನಾ ಮುಂಜಾನೆ ಹೋಗಿ ಆ ಹಗ್ಗಾ ಮುಟ್ಟಿ ಬರ್ತೀರಿ. ನಿಮ್ಮ ಬಟ್ಟಿ ಒಂದೂ ಇಲ್ಲದ ದಿನಾನೂ."

ಅಳು ಬರುವ ಹಾಗಿತ್ತು. ಅಭ್ಯಾಸಬಲದಿಂದ ಬಾಯಿಗೆ ಕೈ ಅಡ್ಡ ಹಿಡಿದು ಏನೋ ಹೇಳಿದೆ. ಅವಳು ನನ್ನ ಮಣಿಕಟ್ಟು ಹಿಡಿದು ಕೈಯನ್ನು ಕೆಳಗಿಳಿಸಿದಳು. ಇಳಿಸಿದವಳು ಬಿಡಲಿಲ್ಲ.

"ಈಗ ಹೇಳ್ರಿ. ಸಾವಕಾಶ."

"ನೀ ಬಾಗಲಾ ಬಡೀಲಿಲ್ಲಂದ್ರ ನನಗ ದಿನ ಹೋಗಂಗಿಲ್ಲ, ಶಿವಗಂಗಾ. ಲಗ್ನ ಆಗೂಣೇನು?"

ಕೊನೆಯ ಅಕ್ಷರದವರೆಗೂ ತುಟಿಯನ್ನೇ ನೋಡಿದಳು. ಬಲಗಡೆಯ ಹುಬ್ಬು ಮೆಲ್ಲಗೆ ಏರಿತು.

"ಆಷಾಢದಾಗ ಇಂಥಾ ಮಾತು ಆಡಬಾರದು. ಇನ್ನ ಎರಡು ದಿನ ಐತಿ. ಶ್ರಾವಣ ಹತ್ತಿದ ಮ್ಯಾಲೆ ಬಂದು ನಮ್ಮಕ್ಕನ ಮುಂದ ಹೇಳ್ರಿ." ಮಣಿಕಟ್ಟು ಬಿಡದೆಯೇ ಸೇರಿಸಿದಳು. "ನಾ ಹೂಂ ಅಂದೀನಿ ಅಂತನೂ ಹೇಳ್ರಿ."

ಆಮೇಲೆ ಅವಳ ನೋಟ ನನ್ನ ತುಟಿ ಬಿಟ್ಟು ಮೇಲೆ ಬಂತು. ನಾನು ಏನೂ ಹೇಳುತ್ತಿರಲಿಲ್ಲ. ಮೊದಲ ಸಲ ಅವಳು ನನ್ನ ಕಣ್ಣು ನೋಡಿದಳು.