ಸ್ಕೋಪಿನಾಚೆಯ ಕೆಂಪು ಬಾವುಟ

ಮಂಗಳವಾರ ಸಂಜೆ ಆರಕ್ಕೆ ಠಾಣೆಗೆ ಬಂದ ಹೆಂಗಸಿನ ತೋಳಿನ ಮೇಲೆ ರಕ್ತ ಒಣಗಿತ್ತು. ಶೂಟಿಂಗ್ ಮೈದಾನದಲ್ಲಿ ಗುರಿಹಲಗೆ ನೋಡಿಕೊಂಡು ಅಂಕ ಬರೆಯುವ ತನ್ನ ಗಂಡನ ಭುಜಕ್ಕೆ ಮಧ್ಯಾಹ್ನ ಗುಂಡು ಬಿದ್ದಿದೆ, ಹೊಡೆದವನು ತನ್ನ ಸ್ವಂತ ಅಣ್ಣ ಎಂದು ದೂರು ಕೊಟ್ಟಳು.

"ಕೈತಪ್ಪಿ ಆಯ್ತು ಅಂತಾನೆ. ಅವನ ಕೈ ಯಾವತ್ತೂ ತಪ್ಪಿದ್ದಿಲ್ಲ ಸಾರ್."

ಎಫ್‌ಐಆರ್ ದಾಖಲಾಯಿತು. ಅಣ್ಣನನ್ನು ಮೈದಾನದಲ್ಲಿ ಎಲ್ಲರೂ 'ಹದ್ದು' ಎಂದೇ ಕರೆಯುತ್ತಿದ್ದರು. ಇನ್‌ಸ್ಪೆಕ್ಟರ್ ಮತ್ತು ಕಾನ್‌ಸ್ಟೇಬಲ್ ಹೋದಾಗ ಅವನು ಗುಂಡು ಹಾರಿಸಿದ ಚಾಪೆಯ ಮೇಲೆಯೇ ಕೂತಿದ್ದ. ಪಂಚರ ಎದುರು ರೈಫಲ್ ವಶಪಡಿಸಿಕೊಂಡು ಪಂಚನಾಮೆ ಬರೆದರು. ಗುರಿಯನ್ನು ಹಿಗ್ಗಿಸಿ ತೋರಿಸುವ ಸ್ಕೋಪಿನ ಉಂಗುರ ಇಪ್ಪತ್ತೈದಕ್ಕೆ ತಿರುಗಿತ್ತು.

"ಕೆಂಪು ಬಾವುಟ ಮೇಲಿದ್ರೆ ಹಲಗೆ ಹತ್ತಿರ ಜನ ಇದ್ದಾರೆ, ಗುಂಡು ಹಾರಿಸಬಾರದು. ಕಾಣಲಿಲ್ವಾ?"

"ಇಪ್ಪತ್ತೈದು ಪಟ್ಟು ಹಿಗ್ಗಿಸಿಕೊಂಡ್ರೆ ಹಲಗೆ ಒಂದೇ ಕಾಣೋದು. ಪಕ್ಕದಲ್ಲಿ ಆನೆ ನಿಂತ್ರೂ ಗೊತ್ತಾಗಲ್ಲ. ಅವನು ಅಡ್ಡ ಬರೋ ಹೊತ್ತಿಗೆ ಬೆರಳು ಒತ್ತಿ ಆಗಿತ್ತು."

ವಾಪಸ್ ಬರುವಾಗ ಕಾನ್‌ಸ್ಟೇಬಲ್ ಜೀಪಿನಲ್ಲಿ ಗೊಣಗಿದ. "ಬಾಯಿಪಾಠ ಮಾಡ್ಕೊಂಡ ಹಾಗಿದೆ ಸಾರ್. ಕೇಳೋಕೆ ಮುಂಚೆ ಉತ್ತರ ರೆಡಿ."

"ಹೆಂಡ್ತಿ ಕೇಳಿದಾಗ ನಿಂದೂ ರೆಡಿ ಇರುತ್ತಲ್ಲ."

"ಅದಕ್ಕೇ ಅನುಮಾನ ಸಾರ್."

ಮರುದಿನ ಮಧ್ಯಾಹ್ನ, ಅದೇ ಬಿಸಿಲಿನಲ್ಲಿ, ಇನ್‌ಸ್ಪೆಕ್ಟರ್ ಬಾವುಟ ಏರಿಸಲು ಹೇಳಿ, ಚಾಪೆಯ ಮೇಲೆ ಬೋರಲು ಮಲಗಿ ಮೈದಾನದ ಕೋಚ್ ಕೊಟ್ಟ ಅಂಥದೇ ಸ್ಕೋಪಿನಲ್ಲಿ ನೋಡಿದರು. ಇಪ್ಪತ್ತೈದರಲ್ಲಿ ಬಾವುಟ ಕಾಣಲಿಲ್ಲ. ಹದ್ದು ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಆದರೆ ನೆಲದಿಂದೇಳುವ ಬಿಸಿಗಾಳಿಗೆ ಹಲಗೆ ನೀರಿನೊಳಗಿದ್ದಂತೆ ನಡುಗುತ್ತಿತ್ತು. ಉಂಗುರವನ್ನು ಎಂಟಕ್ಕೆ ಇಳಿಸಿದರು. ಹಲಗೆ ಚಿಕ್ಕದಾಯಿತು, ನಡುಕ ಹೋಯಿತು. ಪಕ್ಕದಲ್ಲೇ ಕೆಂಪು ಬಾವುಟ ಹಾರುತ್ತಿತ್ತು.

"ಈ ಬಿಸಿಲಲ್ಲಿ ಇಪ್ಪತ್ತೈದು ಯಾರಾದ್ರೂ ಇಡ್ತಾರಾ?"

"ಗುರಿ ಹಿಗ್ಗಿದಷ್ಟೂ ನಡುಕಾನೂ ಹಿಗ್ಗುತ್ತೆ," ಎಂದರು ಕೋಚ್. "ಹೊಸಬರಿಗೆ ಇದನ್ನ ಹೇಳಿಕೊಡೋನೇ ಹದ್ದು."

ಬಾವುಟ ಇಳಿಸಿದ ಮೇಲೆ ಕೋಚ್ ಇಪ್ಪತ್ತೈದರಲ್ಲಿ ಹೊಡೆದು ತೋರಿಸಿದರು. ಗುಂಡುಗಳು ದಿಕ್ಕಾಪಾಲಾದವು. ಹಿಂದಿನ ದಿನ ಅವಘಡಕ್ಕೆ ಮೊದಲು ಹದ್ದು ಹೊಡೆದ ಹಲಗೆಯನ್ನು ಪಕ್ಕಕ್ಕಿಟ್ಟು ನೋಡಿದರು. ಅದರಲ್ಲಿ ಎಲ್ಲ ತೂತುಗಳೂ ನಡುವಿನ ಕಪ್ಪು ವೃತ್ತದಲ್ಲಿ ಒತ್ತೊತ್ತಾಗಿದ್ದವು.

ಹದ್ದನ್ನು ಠಾಣೆಗೆ ಕರೆಸಿದರು.

"ನಿನ್ನೆ ಎಷ್ಟರಲ್ಲಿ ಹೊಡೆದೆ?"

"ಇಪ್ಪತ್ತೈದು."

"ಹಲಗೆ ನಡುಗಲಿಲ್ವಾ?"

"ಅಭ್ಯಾಸ ಇದೆ."

"ಮಧ್ಯಾಹ್ನದ ಹೊತ್ತು ಹೊಸಬರಿಗೆ ಎಷ್ಟು ಇಡು ಅಂತೀಯ?"

ಮೊದಲ ಸಲ ಅವನು ಉತ್ತರಕ್ಕೆ ತಡಕಾಡಿದ. "ಎಂಟು."

"ನೀನೂ ಎಂಟರಲ್ಲೇ ಹೊಡೆದೆ. ಬಾವುಟ ಕಂಡಿತ್ತು, ಅವನೂ ಕಂಡಿದ್ದ. ಉಂಗುರ ತಿರುಗಿಸಿದ್ದು ಆಮೇಲೆ. ಹೌದೋ ಅಲ್ವೋ?"

ಹದ್ದು ಹೌದೆಂದು ತಲೆಯಾಡಿಸಿದ.

"ಹೋದ ತಿಂಗಳು ತಂಡದ ಆಯ್ಕೆ. ನನ್ನ ಕೊನೇ ಗುಂಡು ಗೆರೆ ಮುಟ್ಟಿತ್ತು, ಮುಟ್ಟಿದ್ರೆ ಒಳಗೆ ಅಂತ ಲೆಕ್ಕ. ಅವನು ಹೊರಗೆ ಅಂದುಬಿಟ್ಟ. ಒಂದೇ ಒಂದು ಅಂಕದಲ್ಲಿ ಹೋಯ್ತು. ನನ್ನ ವಯಸ್ಸಿಗೆ ಇನ್ನೊಂದು ಆಯ್ಕೆ ಇಲ್ಲ. ಹೊರಗಿನವನು ಅಂದಿದ್ರೆ ನುಂಗ್ಕೋತಿದ್ದೆ ಸಾರ್. ತಂಗಿ ಗಂಡ."

ಕೊಲೆಯತ್ನದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು.

ಗಾಯಾಳುವಿನ ಹೇಳಿಕೆ ಪಡೆಯಲು ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೋದರು. ಹೆಂಡತಿ ಅವನ ಕೈ ಹಿಡಿದು ಕೂತಿದ್ದಳು. ಎಲ್ಲ ಮುಗಿದ ಮೇಲೆ ಕೇಳಿದರು: "ಆ ಗುಂಡು ಗೆರೆ ಮುಟ್ಟಿತ್ತಾ?"

ಅವನು ಹೆಂಡತಿಯ ಕಡೆ ನೋಡಿದ.

"ಕೂದಲೆಳೆ ಸಾರ್. ಒಳಗೆ ಅಂತಾನೂ ಅನ್ನಬಹುದಿತ್ತು. ಬೇರೆ ಯಾರಾಗಿದ್ರೂ ಅಂತಿದ್ದೆ. ಭಾವ ಅಲ್ವಾ, ಮನೆಯವನು ಅಂತ ಕೊಟ್ಟ ಅಂದ್ಕೋತಾರೆ ಜನ ಅಂತ..."

ಹೆಂಡತಿ ಹಿಡಿದಿದ್ದ ಕೈ ಬಿಟ್ಟು, ಎದ್ದು ಹೊರಗೆ ಹೋದಳು.