ದೋಣಿ ಮಾಡಿನ ಬಿಸಿಲು

"ನಿಮಗೆ ಬಿಸಿಲು ಕೊಡ್ಲಿಕ್ಕೆ ಆಗುದಿಲ್ಲ, ಅಕ್ಕೋರೆ."

ಅಷ್ಟು ವರ್ಷಗಳ ಮೇಲೆ ತುಳಸಿದಾಸ ನನಗೆ ಹೇಳಿದ ಮೊದಲ ಮಾತು ಇದು. ಹೇಗಿದ್ದೀ ಇಲ್ಲ, ಯಾವಾಗ ಬಂದೆ ಇಲ್ಲ. ಅವರ್ಸಾದ ಐಸ್ ಪ್ಲಾಂಟಿನ ಅಂಗಳದಲ್ಲಿ, ಊರಿನ ಅರ್ಧ ಜನ ಕೂತಿದ್ದ ಸಭೆಯಲ್ಲಿ, ಕೈಕಟ್ಟಿ ನಿಂತು, ಬಹುವಚನ ಹಚ್ಚಿ ಅಂದ. ಬಿಸಿಲೇನು ಇವನ ಅಜ್ಜನ ಆಸ್ತಿಯೇ? ನನಗೆ ಮೈಯೆಲ್ಲ ಉರಿಯಿತು. ಆ ಉರಿಯ ನಡುವೆಯೂ ಅವನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದನ್ನು ನೋಡಿಬಿಟ್ಟೆ. ಹಾಳಾದವನಿಗೆ ಅದೂ ಒಪ್ಪುತ್ತಿತ್ತು.

ವಿಷಯ ಇಷ್ಟೇ. ನಮಗೆ ಕರೆಂಟ್ ಕೊಡುವ ಕಂಪನಿ ಹೊಸದೊಂದು ಕಲ್ಲಿದ್ದಲು ಸ್ಥಾವರದ ಜೊತೆ ಕರಾರು ಮಾಡಿಕೊಳ್ಳಲು ಹೊರಟಿತ್ತು. ಕರಾರಾದರೆ ಸ್ಥಾವರ ಏಳುವುದು ನಮ್ಮ ದಂಡೆಯ ಮೇಲೇ. ಅದರ ಧೂಳು ನನ್ನಪ್ಪನ ಮಾವಿನ ಹೂವಿಗೂ ಬೀಳುತ್ತದೆ, ತುಳಸಿದಾಸನಂಥ ಮೀನುಗಾರರ ಒಣಮೀನಿಗೂ ಬೀಳುತ್ತದೆ. ಬೇಡವೆನ್ನುವವರ ಸಹಿಗೆಂದು ನಾನು ಮಾಜಾಳಿಯಿಂದ ಅಂಕೋಲಾದವರೆಗೆ ಮನೆಮನೆ ತಿರುಗಿ ಚಪ್ಪಲಿ ಸವೆಸಿದ ಮೇಲೆ ಕಂಪನಿಯ ಇಂಜಿನಿಯರು ಒಂದು ಮಾತು ಕೊಟ್ಟಿದ್ದರು. ಐಸ್ ಪ್ಲಾಂಟ್ ನಡೆಯುವಷ್ಟು ಸೋಲಾರ್ ಹಾಕಲು ಮಳೆಗಾಲದ ಮೊದಲು ಜಾಗ ತೋರಿಸಿ, ಕರಾರು ತಡೆಯುವಂತೆ ನಾನೇ ಮೇಲೆ ಬರೆಯುತ್ತೇನೆ, ಎಂದು.

ನಾನು ಅಂಕೋಲಾ ಹೈಸ್ಕೂಲಿನ ವಿಜ್ಞಾನದ ಟೀಚರು, ಊರವರ ಬಾಯಲ್ಲಿ ಅಕ್ಕೋರು. ಮರವಿಲ್ಲ, ನೆರಳಿಲ್ಲ, ಐಸ್ ಪ್ಲಾಂಟಿನ ಮಗ್ಗುಲಿಗೇ ಇದೆ ಎಂದು ಮೀನು ಒಣಗಿಸುವ ಬಯಲನ್ನು ತೋರಿಸಿದ್ದೆ.

"ನಾಳೆ ಬೆಳಿಗ್ಗೆ ಬನ್ನಿ. ಆ ಬಿಸಿಲು ಅಲ್ಲಿ ಎಂತ ಕೆಲಸ ಮಾಡ್ತದೆ ನೋಡಿ. ಮತ್ತೆ ಮಾತಾಡುವ" ಎಂದ ತುಳಸಿದಾಸ.

"ಬರ್ತೇನೆ. ಹೆದರಿಕೆ ಎಂತದು?" ಎಂದೆ. ಹೆದರಿಕೆ ಇತ್ತು. ಮೀನಿನದ್ದಲ್ಲ.

*

ಅವನು ನನಗೆ ಗೊತ್ತಾದದ್ದು ನಮ್ಮ ಮನೆಯ ಹಿತ್ತಲಲ್ಲಿ. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಅವನ ತಾಯಿ ದುರ್ಗಿ ಬುಟ್ಟಿ ತುಂಬ ಒಣ ಬಂಗಡೆ, ಶೆಟ್ಲಿ ಎನ್ನುವ ಸಿಗಡಿ ಹೊತ್ತು ಬರುತ್ತಿದ್ದಳು. ಎಲ್ಲ ಒಕ್ಕಲು ಮನೆಗಳಂತೆ ನಮ್ಮಲ್ಲೂ ಮೀನಿನವರು ಬರುವುದು ಹಿತ್ತಲ ಬಾಗಿಲಿಗೆ. ಅಪ್ಪ ಮೀನು ತೆಗೆದುಕೊಂಡು ಅದೇ ಬುಟ್ಟಿಗೆ ಕರಿ ಈಶಾಡ ಮಾವಿನಹಣ್ಣು ತುಂಬುತ್ತಿದ್ದರು. ತುಳಸು ಆಯಿಯ ಹಿಂದೆ ನಿಂತು, ಮೇಲಿನ ಒಳ್ಳೆಯ ಹಣ್ಣೊಂದನ್ನು ಮೆಲ್ಲಗೆ ತೆಗೆದು ನನ್ನ ಕಡೆಗೇ ಉರುಳಿಸುತ್ತಿದ್ದ. ನಮ್ಮದೇ ಮರದ ಹಣ್ಣು, ನಮ್ಮದೇ ಅಂಗಳ. ಆದರೂ ಆ ಹಣ್ಣಿನ ರುಚಿಯೇ ಬೇರೆ.

ಆಮೇಲೆ ಅಂಕೋಲಾ ಕಾಲೇಜು, ಒಂದೇ ಬಸ್ಸು. ಮಳೆ ಬಂದರೆ ದಂಡೆಯ ಮೇಲೆ ಅವನ ಅಪ್ಪನ ದೋಣಿ ನಿಲ್ಲಿಸಿದ ಚಪ್ಪರ. ಹೆಣೆದ ತೆಂಗಿನ ಮಡಲಿನ ಮಾಡು, ಅದರ ಮೇಲೆ ಮಳೆಯ ಮೆತ್ತಗಿನ ಸದ್ದು. ದೋಣಿಯ ಅಂಚಿಗೆ ಕೂತು ಮಾತಾಡಿದ್ದೇ ಮಾತಾಡಿದ್ದು. ಬಿ.ಎಡ್‌ಗೆಂದು ಧಾರವಾಡಕ್ಕೆ ಹೊರಟ ಸಂಜೆ ನಾನು ದೋಣಿಯ ಮೇಲೆ ಕೈಯಿಟ್ಟು, "ನಾ ತಿರುಗಿ ಬರೂವರೆಗೆ ಇದು ಹೀಗೇ ಇರ್ಬೇಕು" ಎಂದಿದ್ದೆ. ಅವನು ನಕ್ಕಿದ್ದ.

ತಿರುಗಿ ಬಂದದ್ದು ಆ ಸಭೆಯ ಹಿಂದಿನ ವರ್ಷ, ಘಟ್ಟದ ಮೇಲಿನ ಶಾಲೆಗಳನ್ನೆಲ್ಲ ಸುತ್ತಿ, ವರ್ಗವಾದ ಮೇಲೆ. ನನ್ನಂತೆ ಅವನಿಗೂ ಮದುವೆಯಾಗಿಲ್ಲವೆಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಊರಿಗೆ ಫೋನ್ ಮಾಡಿದಾಗೆಲ್ಲ ಬೇರೆ ಏನೋ ಕೇಳುವವಳಂತೆ ವಿಚಾರಿಸಿಕೊಂಡಿದ್ದೆ.

*

ಮರುದಿನ ದುರ್ಗಿ ನನ್ನನ್ನು ಬಯಲಿಗೆ ಇಳಿಸಿದಳು. ಉಪ್ಪು ಹಚ್ಚಿದ ಬಂಗಡೆಗಳನ್ನು ಒಂದೊಂದಾಗಿ ಮಗುಚಬೇಕು, ಕಾಗೆ ಓಡಿಸಬೇಕು, ಮತ್ತೆ ಮಗುಚಬೇಕು. ಒಂದು ಬದಿಗೆ ಬಿಸಿಲು ಕಡಿಮೆಯಾದರೆ ಮೀನು ಕೆಟ್ಟಂತೆಯೇ. ಮಧ್ಯಾಹ್ನದ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿತ್ತು.

"ಅಕ್ಕೋರ ಕೈಗೆ ವಾಸನೆ ಬಂತು" ಎಂದ ತುಳಸು, ನೀರಿನ ಚೊಂಬು ಹಿಡಿದು ಬಂದು.

"ಬರ್ಲಿ. ನಿನ್ನ ಕೈಗಿಲ್ವಾ?"

"ನನ್ನದು ಹುಟ್ಟಿದಾಗ ಬಂದದ್ದು. ಪಾಠ ಮಾಡುವಾಗ ಮಕ್ಕಳು ಮೂಗು ಮುಚ್ಕೊಂಡ್ರೆ ನನ್ನ ಹೆಸರು ಹೇಳ್ಬೇಡ."

ಬಹುವಚನ ಉದುರಿಹೋಗಿತ್ತು. ಅವನಿಗೂ ಅದು ತಿಳಿಯಿತು. ನೀರು ಹಾಕುತ್ತಾ ನನ್ನ ಕೈಯನ್ನೇ ನೋಡಿದ, ಮುಖ ನೋಡಲಿಲ್ಲ. ಚೊಂಬು ಖಾಲಿಯಾದ ಮೇಲೂ ಬಗ್ಗಿಸಿಕೊಂಡೇ ನಿಂತಿದ್ದ.

"ಆಯ್ತು, ಸೋತೆ. ಈ ಬಿಸಿಲು ನಿಮ್ಮದೇ" ಎಂದು ಹತ್ತಿರದ ನೆರಳಿಗೆ ಹೋಗಿ ಕೂತೆ. ಕೂತ ಮೇಲೆ ತಿಳಿಯಿತು, ಅದೇ ಚಪ್ಪರ. ಅದೇ ದೋಣಿ, ಎಣ್ಣೆ ಹಚ್ಚಿಸಿಕೊಂಡು ಮಿರಮಿರ ಅನ್ನುತ್ತಿತ್ತು. ತನ್ನ ಅಪ್ಪ ತೀರಿಕೊಂಡ ಮೇಲೂ ತುಳಸು ಈ ದೋಣಿ ಮಾರಲಿಲ್ಲ, ಕಾರವಾರದ ಬಂದರಿನಿಂದ ಬೇರೆಯವರ ಬೋಟಿಗೆ ಹೋಗುತ್ತಾನೆ, ಇದನ್ನು ಮಾತ್ರ ವರ್ಷವರ್ಷ ಹೊಸ ಮಡಲು ಹೊದಿಸಿ ಕಾಯುತ್ತಾನೆ ಎಂದು ಊರೆಲ್ಲ ಹೇಳುತ್ತಿತ್ತು.

ಚಪ್ಪರದ ಆಚೆ ಇನ್ನೊಂದು, ಅದರಾಚೆ ಮತ್ತೊಂದು. ದಂಡೆಯುದ್ದಕ್ಕೂ ದೋಣಿ ಚಪ್ಪರಗಳ ಸಾಲು.

"ತುಳಸೂ, ಈ ಮಾಡುಗಳ ಮೇಲೆ ಬೀಳುವ ಬಿಸಿಲು ಯಾರಿಗೆ ಬೇಕು?" ಎಂದು ಕೇಳಿದೆ. "ಮಡಲು ತೆಗೆದು ಗಟ್ಟಿ ಕಂಬ ಹಾಕಿ ಸೋಲಾರ್ ಪ್ಯಾನೆಲ್ ಕೂರಿಸಿದ್ರೆ? ಕೆಳಗೆ ದೋಣಿ ಇದ್ದೇ ಇರ್ತದೆ."

ಅವನು ದೋಣಿಯ ಅಂಚಿಗೆ ಕೈಯಿಟ್ಟ. "ಉಪಾಯ ಚಲೋ ಉಂಟು. ಬಾಕಿಯವರದ್ದು ತಗೊ. ಇದನ್ನು ಮುಟ್ಬೇಡ" ಎಂದ.

ಬಾಕಿಯವರು ಬಿಡಬೇಕಲ್ಲ. ಮೀನುಗಾರರಲ್ಲಿ ಹಿರಿಯ ಜಟ್ಟಿ ಮುಂದಿನ ಸಭೆಯಲ್ಲಿ ಕಡ್ಡಿ ಮುರಿದಂತೆ ಹೇಳಿದ: "ನಮ್ಮ ಮುಖಂಡ ತುಳಸು. ಅಂವ ತನ್ನ ಚಪ್ಪರ ಕೊಡುದಿಲ್ಲ ಅಂದ್ಮೇಲೆ ನಾವು ಎಂತಕೆ ಕೊಡ್ಬೇಕು?" ಸಭೆ ಎದ್ದುಹೋಯಿತು. ಇಂಜಿನಿಯರು ಬರುವ ದಿನ ಹತ್ತಿರವಾಗಿತ್ತು. ಅವನ ಸತ್ತ ಅಪ್ಪನ ನೆನಪಿನ ಎದುರು ನಾನು ಏನೆಂದು ಜಗಳವಾಡಲಿ? ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

*

ಆ ವಾರವೇ ದುರ್ಗಿ ಬುಟ್ಟಿ ಹೊತ್ತು ಹಿತ್ತಲಿಗೆ ಬಂದಳು. ನನ್ನಪ್ಪ ಪಕ್ಕದಲ್ಲೇ ಕೂತು ಮಾವಿನಹಣ್ಣು ಆರಿಸುತ್ತಿದ್ದರು. ಅಪ್ಪನ ನೆನಪೆಂದು ನಿನ್ನ ಮಗ ಚಪ್ಪರ ಬಿಡುತ್ತಿಲ್ಲ ಎಂದು ನಾನು ಅವಳಿಗೆ ದೂರಿದೆ.

"ಅಪ್ಪನ ನೆನಪು ಅಂತ ಯಾರು ಹೇಳಿದ್ರು ನಿಂಗೆ?" ಎಂದಳು ದುರ್ಗಿ, ಬುಟ್ಟಿ ಇಳಿಸುತ್ತಾ. "ಅವನ ಅಪ್ಪ ಹಾಸಿಗೆ ಹಿಡಿದಾಗ ತಾವೇ ಹೇಳಿದ್ರು, ದೋಣಿ ಮಾರು ಅಂತ. ಇಂವ ಕೇಳ್ಲಿಲ್ಲ. ಯಾರೋ ಒಬ್ಳು ಹೇಳಿ ಹೋಗಿದ್ಲಂತೆ, ತಿರುಗಿ ಬರೂವರೆಗೆ ಹೀಗೇ ಇರ್ಬೇಕು ಅಂತ. ವರ್ಷವರ್ಷ ಮಡಲು ಹೊದಿಸ್ತಾನೆ. ನಾ ಹೇಳಿ ಹೇಳಿ ಸೋತೆ."

ಒಣ ಬಂಗಡೆ ಎಣಿಸಿ ತೆಗೆಯುತ್ತಿದ್ದ ನನ್ನ ಕೈ ನಿಂತಿತು. ಅಪ್ಪನ ಕೈಯಲ್ಲಿನ ಹಣ್ಣೂ ಅಲ್ಲೇ ನಿಂತಿತು. ಅವರು ದುರ್ಗಿಯನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಹೇಳದೆ ಒಳಗೆ ಹೋದರು. ಅಪ್ಪ ರಾಮನಾಥ ನಾಯಕರು ಮಾತಾಡದಿದ್ದರೆ ಅದು ಒಪ್ಪಿಗೆಯೋ ಸಿಟ್ಟೋ ಎಂದು ನನಗೆ ಇವತ್ತಿಗೂ ತಿಳಿಯುವುದಿಲ್ಲ.

ನಾನು ಚಪ್ಪಲಿಯನ್ನೂ ಮೆಟ್ಟದೆ ದಂಡೆಗೆ ಹೋದೆ. ತುಳಸು ಏಣಿ ಹತ್ತಿ, ಆ ವರ್ಷದ ಮಡಲು ಕಟ್ಟುತ್ತಿದ್ದ.

"ಇಳಿ ಕೆಳಗೆ" ಎಂದೆ.

"ಮಳೆ ಬತ್ತದೆ. ಕಟ್ಟಿ ಮುಗಿಸ್ತೆ."

"ಎಂತಕೆ ಕಟ್ಟುದು?"

ಅವನು ನನ್ನ ಮುಖ ನೋಡಿದ. ಆಯಿ ಹೇಳಿಬಿಟ್ಟಿದ್ದಾಳೆಂದು ತಿಳಿದು ಕಿವಿಯವರೆಗೆ ಕೆಂಪಾದ. ಆ ಬಿಳಿ ಕೂದಲಿನ ಕಿವಿ.

"ಬರೂವರೆಗೆ ಅಂದಿದ್ದೆ" ಎಂದೆ. "ನಾ ಬಂದೆನಲ್ಲ ಮಾರಾಯ. ಇನ್ನು ಮಡಲು ಎಂತಕೆ?"

"ಬಂದವಳು ನನ್ನ ನೋಡ್ಲಿಕ್ಕೆ ಬರ್ಲಿಲ್ಲ. ಬಿಸಿಲು ಕೇಳ್ಲಿಕ್ಕೆ ಬಂದಿ."

"ನಿನ್ನ ಕೇಳ್ಲಿಕ್ಕೆ ಧೈರ್ಯ ಇರ್ಲಿಲ್ಲ. ಅದಕ್ಕೇ ಬಿಸಿಲು ಕೇಳಿದೆ."

ಅವನು ಕಟ್ಟಿದ ಗಂಟನ್ನು ತಾನೇ ಬಿಚ್ಚಿದ. ಒಂದು ಮಡಲು ಜಾರಿ ನನ್ನ ಕಾಲ ಬಳಿ ಬಿತ್ತು.

"ನಿನ್ನ ಮನೆಯಲ್ಲಿ ಎಂತ ಹೇಳ್ತಾರೆ, ನಾಗು?"

"ಗೊತ್ತಿಲ್ಲ. ಏನು ಹೇಳಿದ್ರೂ ನಾ ಇಲ್ಲೇ ಇರುದು."

ಅವನು ಇಳಿದು ಬಂದ. ನನ್ನ ಕೈ ಹಿಡಿದು, ಮೂಗಿನ ಹತ್ತಿರ ಒಯ್ದು, "ವಾಸನೆ ಹೋಗ್ಲಿಲ್ಲ ಇನ್ನೂ" ಎಂದ. ಅಷ್ಟೇ ಅಂದದ್ದು. ನಾನು ಅತ್ತುಬಿಟ್ಟೆ.

*

ಇಂಜಿನಿಯರು ಬಂದ ದಿನ ಜಟ್ಟಿಯೇ ಮುಂದೆ ನಡೆದು ಸಾಲು ಚಪ್ಪರಗಳನ್ನು ತೋರಿಸಿದ. ಮಳೆಗಾಲ ಮುಗಿದ ಮೇಲೆ ಪ್ಯಾನೆಲ್‌ಗಳು ಏರಿದವು. ಈ ಬೇಸಿಗೆಯಲ್ಲಿ ಐಸ್ ಪ್ಲಾಂಟ್ ಅವುಗಳ ಕರೆಂಟಿನಲ್ಲೇ ನಡೆಯಿತು. ಇಂಜಿನಿಯರು ಮಾತಿನಂತೆ ಬರೆದರು, ಬೇರೆ ಊರುಗಳವರೂ ತಮ್ಮ ಮಾಡು ತೋರಿಸಲು ಮುಂದೆ ಬಂದರು. ಮೊನ್ನೆ ಕಂಪನಿ ಕರಾರನ್ನು ಕೈಬಿಟ್ಟಿತು. ತುಳಸುವಿನ ದೋಣಿ ಈಗ ದಿನಾ ಕಡಲಿಗೆ ಇಳಿಯುತ್ತದೆ. ಒಂದೇ ಬೇಜಾರು. ಮೊದಲ ಮಳೆ ಬಿದ್ದರೆ ಮಡಲಿನ ಮೇಲಿನ ಆ ಮೆತ್ತಗಿನ ಸದ್ದು ಇನ್ನು ಕೇಳುವುದಿಲ್ಲ.

ಅಪ್ಪ ಮಾತ್ರ ನಮ್ಮ ಮದುವೆಗೆ ವರ್ಷವಿಡೀ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನಾವೂ ಕಾದೆವು. ಕಾಯುವುದು ನಮಗೆ ರೂಢಿಯಾಗಿತ್ತು.

ನಿನ್ನೆ ಬೆಳಿಗ್ಗೆ ಅವರು ಬಿಳಿ ಅಂಗಿ ತೊಟ್ಟು, ಮರದ ಮೊದಲ ಕರಿ ಈಶಾಡಗಳನ್ನು ಬುಟ್ಟಿಗೆ ತುಂಬಿ, "ನಡಿ" ಎಂದರು. ಎಲ್ಲಿಗೆಂದು ಹೇಳಲಿಲ್ಲ. ದಾರಿಯುದ್ದಕ್ಕೂ ಬುಟ್ಟಿಯನ್ನು ನನ್ನ ಕೈಗೂ ಕೊಡಲಿಲ್ಲ. ದುರ್ಗಿಯ ಮನೆ ಬಂದಾಗ, ಹಣ್ಣು ಮೀನಿನ ವ್ಯವಹಾರವೆಂದರೆ ಹಿತ್ತಲೆಂದೇ ರೂಢಿಯಾದ ಅಪ್ಪನ ಕಾಲುಗಳು ಮನೆಯನ್ನು ಬಳಸಿ ಹಿಂಬದಿಗೆ ಹೋದವು. ಅಲ್ಲಿ ಬಾಗಿಲು ಹಾಕಿತ್ತು. ಅಪ್ಪ ಬುಟ್ಟಿ ಹಿಡಿದು, ಯಾರನ್ನು ಏನೆಂದು ಕರೆಯಬೇಕೆಂದು ತಿಳಿಯದೆ ನಿಂತರು.

ಗೋಡೆಯ ಮೂಲೆಯಿಂದ ದುರ್ಗಿ ಇಣುಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಲ್ಲಿ ಎಂತಕೆ ಹೋದ್ರಿ, ಬೀಗರೆ?" ಎಂದಳು. "ಎದುರಿನ ಬಾಗಿಲು ತೆಗೆದಿಟ್ಟಿದ್ದೆ. ಬನ್ನಿ."