ಹೆಸರು ಕೇಳಿದ ಗೇಮ್ ಸೆಟ್

“ಮುಟ್ಬೇಡಿ ಸ್ವಾಮಿ. ಅದು ಇಳಿ ತೆಗೆದು ಬಿಟ್ಟಿರೋದು.”

ಹೂವಿನ ಬುಟ್ಟಿಯ ಹಿಂದೆ ಕೂತಿದ್ದ ಮುನಿಗಂಗಮ್ಮ ಹೀಗೆಂದಾಗ ಕೇದಾರ್ ಆಗಲೇ ಬಗ್ಗಿದ್ದ. ಬಾಣಸವಾಡಿ ರೈಲ್ವೆ ಸ್ಟೇಷನ್ನಿನ ಹಿಂದೆ ಮೂರು ದಾರಿ ಕೂಡುವ ಕಡೆ ಅಮಾವಾಸ್ಯೆಗೆ ಒಡೆದ ಬೂದುಗುಂಬಳ ಕೊಳೆತು ನೀರೊಡೆದಿತ್ತು. ಕುಂಕುಮ ಮೆತ್ತಿದ ನಿಂಬೆಹೋಳುಗಳು ಒಣಗಿ ಸುರುಟಿದ್ದವು. ಕಸ ಗುಡಿಸುವವರೂ ಅಷ್ಟು ಜಾಗ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದರು. ಅದರ ನಡುವೆ ಬಿದ್ದಿತ್ತು, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಸೆಟ್. ಕಪ್ಪು ಮೈ, ಅಗಲ ಸ್ಕ್ರೀನು, ಸುತ್ತ ಬಿಗಿಯಾಗಿ ಸುತ್ತಿದ ಕಪ್ಪು ದಾರ.

“ಯಾಕಜ್ಜಿ, ಗೇಮ್ ಸೆಟ್ಟಿಗೂ ದೃಷ್ಟಿ ಆಗುತ್ತಾ?”

“ನಗ್ಬೇಡಿ. ಅದು ಒಂದು ಮಗೀಂದು. ಹುಣ್ಣಿಮೆ ಕಳೆಯೋವರ್ಗೂ ಯಾರೂ ಎತ್ತಬಾರ್ದು ಅಂತ ಆ ತಾಯಿ ನನ್ನ ಕಾವಲು ಕೂರ್ಸವ್ಳೆ.”

“ಹಂಗಾದ್ರೆ ನಾನೇ ಎತ್ಕೊಂಡು ಹೋಗ್ತೀನಿ, ಇವತ್ತಿಗೇ ನಿಮ್ಮ ಡ್ಯೂಟಿ ಮುಗೀತು ಬಿಡಿ.”

ದಾವಣಗೆರೆಯಿಂದ ಬಂದು ದೊಡ್ಡನೆಕ್ಕುಂದಿಯ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ ಕೇದಾರನಿಗೆ ದೆವ್ವಕ್ಕಿಂತ ಕರೆಂಟು ಹೋಗುವುದೇ ದೊಡ್ಡ ಭಯ. ಸೆಟ್ಟಿಗೆ ಹತ್ತಿದ್ದ ಕುಂಬಳದ ರಸವನ್ನು ಕರ್ಚೀಫಿನಲ್ಲಿ ಒರೆಸಿದ. ಮುನಿಗಂಗಮ್ಮ ಎದ್ದು ನಿಂತಳು. ಅರ್ಧ ಕಟ್ಟಿದ ಮಾಲೆಯನ್ನು ಬುಟ್ಟಿಗೆ ಹಾಕಿದಳು.

“ನಿಮ್ಮನೇಲೂ ಒಂದು ಹೆಣ್ಮಗು ಐತಲ್ವಾ ಸ್ವಾಮಿ?”

ಇತ್ತು. ಅವನು ಅದನ್ನು ಎತ್ತಿಕೊಂಡದ್ದೇ ಅವಳಿಗಾಗಿ.

ಶಿವಾನಿಗೆ ಏಳು ವರ್ಷ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುವ ಹುಡುಗಿ. ಹಲ್ಲುಜ್ಜುವಾಗಲೂ ಮಾತು, ನಿದ್ದೆಯಲ್ಲೂ ಮಾತು. “ಇವಳ ಬಾಯಿಗೊಂದು ಸ್ವಿಚ್ ಇರಬೇಕಿತ್ತು ಕಣ್ರೀ” ಎಂದು ಅವಳ ತಾಯಿ ಪ್ರತಿಭಾ ದಿನಕ್ಕೊಮ್ಮೆಯಾದರೂ ಹಣೆ ಚಚ್ಚಿಕೊಳ್ಳುತ್ತಿದ್ದಳು. ಕೇದಾರ್ ನಗುತ್ತಿದ್ದ. ಆಫೀಸಿನಿಂದ ಬಂದು ಶೂ ಬಿಚ್ಚುವಾಗ ಬೆನ್ನ ಮೇಲೆ ಬಿದ್ದು “ಅಪ್ಪಾ, ಅಪ್ಪಾ” ಎಂದು ಅವಳು ಊರ ಸುದ್ದಿಯೆಲ್ಲ ಒಪ್ಪಿಸದಿದ್ದರೆ ಅವನಿಗೆ ದಿನ ಮುಗಿದಂತೆಯೇ ಆಗುತ್ತಿರಲಿಲ್ಲ.

ತಾನು ಚಿಕ್ಕವನಿದ್ದಾಗ ದಾವಣಗೆರೆಯ ವಿಡಿಯೋ ಗೇಮ್ ಅಂಗಡಿಯಲ್ಲಿ ಆಡಿದ ಹಳೆಯ ಆಟಗಳನ್ನೆಲ್ಲ ಮಗಳಿಗೆ ತೋರಿಸಬೇಕೆಂದು ಅವನಿಗೆ ಬಹಳ ಆಸೆ. ಇಂಥ ಸೆಟ್ಟಿನಲ್ಲಿ ಕಂಪನಿ ಕೊಟ್ಟ ಆಟಗಳು ಮಾತ್ರ ನಡೆಯುತ್ತವೆ. ಆದರೆ ಅದರೊಳಗಿನ ಮೂಲ ತಂತ್ರಾಂಶ ಅಳಿಸಿ, ಹವ್ಯಾಸಿಗಳು ಬರೆದು ಇಂಟರ್ನೆಟ್ಟಿಗೆ ಬಿಟ್ಟಿರುವ ಕಸ್ಟಮ್ ಫರ್ಮ್‌ವೇರ್ ತುಂಬಿದರೆ ಹಳೆಯ ಆಟಗಳೆಲ್ಲ ಓಡುತ್ತವೆ. ಆಫೀಸಿನಲ್ಲಿ ಯಾರ ಸೆಟ್ಟಿಗಾದರೂ ಅದನ್ನು ಹಾಕಿಕೊಡುತ್ತಿದ್ದವನು ಕೇದಾರನೇ.

ಆ ಸಂಜೆ ಕಪ್ಪು ದಾರವನ್ನು ಬ್ಲೇಡಿನಿಂದ ಕುಯ್ದು, ಚಾರ್ಜಿಗೆ ಹಾಕಿ, ಸೆಟ್ ಆನ್ ಮಾಡಿದ. ಸ್ಕ್ರೀನು ಬೆಳಗಿತು. ಮೂಲೆಯಲ್ಲಿ ಹಳೆಯ ಒಡೆಯನ ಹೆಸರು: ಸುದರ್ಶನ್. ಪುಟ್ಟ ಸ್ಪೀಕರಿನಿಂದ ಗಂಡುಮಗುವೊಂದರ ದನಿ ಬಂತು.

“ಅಮ್ಮಾ, ನೀರು.”

“ಅಪ್ಪಾ, ಯಾರದು?” ಶಿವಾನಿ ಅವನ ತೊಡೆಯ ಮೇಲೆ ಸರಿದು ಕೂತಳು.

“ಹಳೇ ಓನರ್ರು. ಏನೋ ರೆಕಾರ್ಡ್ ಮಾಡಿ ಬಿಟ್ಟಿದ್ದಾನೆ. ಈಗ ಎಲ್ಲಾ ಅಳಿಸಿಬಿಡೋಣ.”

ಕೆಲಸ ಶುರುವಾಯಿತು. ಸ್ಕ್ರೀನಿನ ಮೇಲೆ ಬಿಳಿಯ ಅಕ್ಷರಗಳು ಸಾಲುಸಾಲಾಗಿ ಹರಿದವು. “ನೋಡು ಪುಟ್ಟಿ, ಇದು ಮುಗಿಯೋವರೆಗೂ ಎದ್ದು ಹೋಗ್ಬಾರ್ದು, ವೈರು ಅಲುಗಿಸ್ಬಾರ್ದು. ಅರ್ಧಕ್ಕೆ ನಿಂತ್ರೆ ಸೆಟ್ಟು ಸತ್ತೇಹೋಗುತ್ತೆ” ಎಂದು ಮಗಳಿಗೆ ಕಲಿಸಿದ. ಅಷ್ಟರಲ್ಲಿ ಕೋಣೆಗೆ ಒಣಮೆಣಸಿನಕಾಯಿ ಸುಟ್ಟ ವಾಸನೆ ಬಂತು. ದಟ್ಟವಾಗಿತ್ತು. ಯಾರಿಗೂ ಕೆಮ್ಮು ಬರಲಿಲ್ಲ. ದೃಷ್ಟಿ ಗಟ್ಟಿಯಾಗಿ ತಗುಲಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ ಎಂದು ಅವನ ಅವ್ವ ಕಾಶಮ್ಮ ಹೇಳುತ್ತಿದ್ದುದು ನೆನಪಾಯಿತು. ಪಕ್ಕದ ಮನೆಯವರ ಒಗ್ಗರಣೆ ಇರಬೇಕು ಅಂದುಕೊಂಡ.

“ಅಮ್ಮಾ,” ಎಂದಿತು ಸ್ಪೀಕರು, ಈ ಸಲ ತೀರ ಸಣ್ಣಗೆ. “ಅಮ್ಮಾ, ನೀ...”

ನಿಂತಿತು. ಸ್ಕ್ರೀನು ಕಪ್ಪಾಗಿ ಮತ್ತೆ ಬೆಳಗಿತು. ಹೊಸ ಸೆಟ್ಟುಗಳೆಲ್ಲ ಮೊದಲು ಕೇಳುವುದನ್ನೇ ಕೇಳಿತು: ನಿಮ್ಮ ಹೆಸರೇನು?

“ನಂದು ಅಪ್ಪಾ, ನಂದು ಹಾಕ್ತೀನಿ,” ಎಂದಳು ಶಿವಾನಿ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ತನ್ನ ಹೆಸರನ್ನು ತಾನೇ ಒತ್ತಿದಳು. ಅವನು ಕೆನ್ನೆಗೆ ಮುತ್ತು ಕೊಟ್ಟ.

ಮೊದಲು ಹೋದದ್ದು ‘ಹಾಲು’. ಮರುದಿನ ಬೆಳಿಗ್ಗೆ ಶಿವಾನಿ ಲೋಟ ತೋರಿಸಿ ಸುಮ್ಮನೆ ನಿಂತಳು. ಆಟ ಆಡುತ್ತಿದ್ದಾಳೆಂದು ಪ್ರತಿಭಾ ಬೈದಳು. ಆಮೇಲೆ ‘ಪೆನ್ಸಿಲ್’ ಹೋಯಿತು. ‘ಸ್ಕೂಲು’ ಹೋಯಿತು. ‘ನೀರು’ ಹೋಯಿತು. ಮಗುವಿಗೆ ಕಿವಿ ಕೇಳುತ್ತಿತ್ತು, ಎಲ್ಲ ಅರ್ಥವಾಗುತ್ತಿತ್ತು, ಹೇಳಲು ಹೊರಟರೆ ಆ ಜಾಗ ಖಾಲಿ. ಕಂಟೋನ್ಮೆಂಟಿನ ದೊಡ್ಡ ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ, ತಲೆಯ ಸ್ಕ್ಯಾನು ನೋಡಿ, ಏನೂ ತೊಂದರೆಯಿಲ್ಲ ಎಂದು ಕೈ ತೊಳೆದುಕೊಂಡರು.

ಒಂದು ಮಧ್ಯಾಹ್ನ ಬೀರುವಿನೊಳಗಿನಿಂದ ಯಾರೋ ಪಿಸುಗುಟ್ಟಿದರು.

“ಹಾಲು.”

ಕೇದಾರ್ ಬಾಗಿಲು ತೆರೆದ. ಬಟ್ಟೆಗಳ ನಡುವೆ, ಆಸ್ಪತ್ರೆಯ ಓಡಾಟದಲ್ಲಿ ಎತ್ತಿಟ್ಟು ಮರೆತಿದ್ದ ಸೆಟ್ಟು. ಕೊಳೆತ ಕುಂಬಳದ ವಾಸನೆ. ಸ್ಕ್ರೀನು ಕತ್ತಲು.

“ಪೆನ್ಸಿಲ್. ಸ್ಕೂಲು.”

ಶಿವಾನಿಯದೇ ದನಿ. ಅವನು ಬ್ಯಾಟರಿ ಕಿತ್ತ. ಬ್ಯಾಟರಿ ಎಡಗೈಯಲ್ಲಿ, ಸೆಟ್ಟು ಬಲಗೈಯಲ್ಲಿ.

“ನೀರು,” ಎಂದಿತು ಬಲಗೈ.

ಕೊನೆಗೆ ಶಿವಾನಿಯ ಬಳಿ ಒಂದೇ ಮಾತು ಉಳಿಯಿತು. ಹಸಿವಾದರೂ ‘ಅಪ್ಪ’, ನಿದ್ದೆ ಬಂದರೂ ‘ಅಪ್ಪ’, ತಾಯಿಯನ್ನು ಕರೆಯಲೂ ‘ಅಪ್ಪ’. ಅದೊಂದನ್ನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದಳು. ಪ್ರತಿಭಾ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಒಂದು ಬೆಳಿಗ್ಗೆ ಮಗಳು ಅವನ ಮುಖ ನೋಡಿ ಬಾಯಿ ತೆರೆದಳು. ಏನೂ ಬರಲಿಲ್ಲ. ಬೀರುವಿನೊಳಗಿನಿಂದ ಬಂತು: “ಅಪ್ಪಾ.”

ಕೇದಾರ್ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಮುನಿಗಂಗಮ್ಮ ಅವನನ್ನು ಬೈಯಲಿಲ್ಲ. ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿ, ವಿಮಾ ಕಂಪನಿಯ ನೌಕರರ ಕ್ವಾರ್ಟರ್ಸಿನಲ್ಲಿ ಒಂದು ಬಾಗಿಲ ಮುಂದೆ ಅವನನ್ನು ನಿಲ್ಲಿಸಿದಳು.

ಬಾಗಿಲು ತೆರೆದವರು ಸುದರ್ಶನನ ತಾಯಿ ಅನಸೂಯ. ಒಳಗೆ ಹತ್ತು ವರ್ಷದ ಹುಡುಗನೊಬ್ಬ ನೆಲದ ಮೇಲೆ ಚಿತ್ರ ಬರೆಯುತ್ತ ಕೂತಿದ್ದ. ಕೇದಾರನನ್ನು ನೋಡಿ ಬಾಯಿ ಅಲುಗಿಸಿದ. ಹೇಳಬೇಕೆಂದ ಮಾತು ಬರಲಿಲ್ಲ.

“ನೀವೇನಾ?” ಎಂದರು ಅನಸೂಯ.

ಅವನು ತಲೆ ತಗ್ಗಿಸಿದ.

“ಹುಟ್ಟಿದಬ್ಬಕ್ಕೆ ಯಾರೋ ಕಳಿಸಿದ ಉಡುಗೊರೆ ಅದು. ಅದರಲ್ಲಿ ಮಾಟ ಮಾಡಿ ಕಳಿಸಿದ್ರು. ಇವನ ಮಾತೆಲ್ಲ ಅದರೊಳಗೆ ಹೋಯ್ತು. ಕೆ.ಆರ್. ಪುರದ ಕಡೆ ಒಬ್ರು ಮಂತ್ರವಾದಿ ದಾರ ಕಟ್ಟಿಕೊಟ್ರು. ಅಮಾವಾಸ್ಯೆ ದಿನ ಮೂರು ದಾರಿಯಲ್ಲಿ ಇಡಿ, ಹುಣ್ಣಿಮೆವರೆಗೂ ಯಾರೂ ಎತ್ತದೆ ಇದ್ರೆ ಮಾತು ದಾರಿ ಹುಡುಕ್ಕೊಂಡು ಮನೆಗೆ ಬರುತ್ತೆ ಅಂದ್ರು.” ಅವರ ದನಿ ಏರಲಿಲ್ಲ. “ಬರ್ತಾ ಇತ್ತು. ಯಾವ ಕ್ರಮದಲ್ಲಿ ಹೋಗಿತ್ತೋ ಅದೇ ಕ್ರಮದಲ್ಲಿ ಒಂದೊಂದೇ ಮಾತು ಬರ್ತಿತ್ತು. ಒಂದಿನ ಬೆಳಿಗ್ಗೆ ನಿಂತೋಯ್ತು. ಅವತ್ತೇ ಸಂಜೆ ಮನೆ ತುಂಬ ಮೆಣಸಿನಕಾಯಿ ವಾಸನೆ. ಅಷ್ಟರಲ್ಲಿ ಬಂದಿದ್ದು ನಾಲ್ಕೈದು ಮಾತು, ಆಮೇಲೆ ಏನೂ ಬರಲಿಲ್ಲ.”

ಆ ಸಂಜೆ ತಾನೇನು ಮಾಡುತ್ತಿದ್ದೆನೆಂದು ಕೇದಾರನಿಗೆ ನೆನಪಿತ್ತು. ಎಲ್ಲಾ ಅಳಿಸಿಬಿಡೋಣ ಎಂದು ನಗುತ್ತಿದ್ದ. ನೀರು ಬೇಕೆಂದು ಒಂದು ಮಗು ತಾಯಿಯನ್ನು ಕರೆಯುತ್ತಿತ್ತು, ಇವನು ಅದನ್ನು ಒರೆಸಿ ಹಾಕಿದ್ದ. ಅವನಿಗೆ ನಿಂತ ನೆಲ ಬಿರಿಯಬಾರದೇ ಅನ್ನಿಸಿತು.

ಅನಸೂಯ ಒಳಗೆ ಹೋಗಿ ಉಳಿದ ಕಪ್ಪು ದಾರದ ಉಂಡೆ ತಂದು ಅವನ ಕೈಗಿಟ್ಟರು. “ತಗೊಳ್ಳಿ. ಇನ್ನೊಂದು ಮಗೂಗೆ ಹಿಂಗಾಗೋದು ಬೇಡ. ಹುಣ್ಣಿಮೆ ಕಳೆಯೋವರ್ಗೂ ಅಲ್ಲಿಂದ ಏಳ್ಬೇಡಿ. ಬೇರೆಯವರನ್ನ ನಂಬ್ಕೊಂಡು ನಾನು ಕೆಟ್ಟೆ.”

ಅಮಾವಾಸ್ಯೆಯ ದಿನ ಕೇದಾರ್ ಸೆಟ್ಟಿಗೆ ದಾರ ಸುತ್ತಿ, ಮಗಳಿಗೆ ನಿವಾಳಿಸಿ, ಮೂರು ದಾರಿಯಲ್ಲಿ ಇಟ್ಟು, ಮುನಿಗಂಗಮ್ಮನ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತ. ರಾತ್ರಿ ಮುಚ್ಚಿದ ಅಂಗಡಿಯ ಜಗಲಿಯ ಮೇಲೆ ಅರೆನಿದ್ದೆ. ಗಡ್ಡ ಬೆಳೆಯಿತು. ಆಫೀಸಿನ ಗೆಳೆಯರು ಬೈಕ್ ನಿಲ್ಲಿಸಿ “ಏನ್ ಗುರು, ಇದೇನ್ ಅವತಾರ?” ಎಂದು ನಕ್ಕರು. “ಮುಟ್ಬೇಡಿ,” ಎಂದಷ್ಟೇ ಹೇಳಿದ. ಆ ಮಾತನ್ನು ಬಾಯಿಂದ ಹೊರಡಿಸುವಾಗ ಎಷ್ಟು ಭಯವಾಗುತ್ತದೆಂದು ಅವನಿಗೆ ಈಗ ತಿಳಿಯಿತು.

‘ಹಾಲು’ ಮನೆಗೆ ಬಂತು. ಪ್ರತಿಭಾ ಫೋನಿನಲ್ಲಿ ಅತ್ತಳು. ‘ಪೆನ್ಸಿಲ್’ ಬಂತು, ‘ಸ್ಕೂಲು’ ಬಂತು. ಹೋದ ಕ್ರಮದಲ್ಲೇ ಬರುತ್ತಿದ್ದವು. ಹಾಗಾದರೆ ‘ಅಪ್ಪ’ ಎಲ್ಲಕ್ಕಿಂತ ಕೊನೆಗೆ, ಹುಣ್ಣಿಮೆಯ ದಿನ ಬರಬೇಕು. ಕೇದಾರ್ ಆಕಾಶದಲ್ಲಿ ಚಂದ್ರ ತುಂಬುವುದನ್ನೇ ನೋಡುತ್ತ ಕೂತ.

ಹುಣ್ಣಿಮೆಯ ಬೆಳಿಗ್ಗೆ ಮೊಬೈಲು ಹೊಡೆದುಕೊಂಡಿತು.

“ರೀ, ಬನ್ನಿ ರೀ,” ಪ್ರತಿಭಾಳಿಗೆ ಉಸಿರೇ ಸಾಲುತ್ತಿರಲಿಲ್ಲ. “ಎಲ್ಲಾ ಮಾತಾಡ್ತಿದ್ದಾಳೆ. ಈಗ ನಿಮ್ಮ ಶರ್ಟ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಅ, ಅ ಅಂತಿದ್ದಾಳೆ. ಒಂದ್ಸಲ ಬಂದು ಮುಖ ತೋರಿಸಿ ಹೋಗಿ.”

ಅವನು ಎದ್ದ.

“ಹೋಗ್ಬೇಡಿ ಸ್ವಾಮಿ,” ಎಂದಳು ಮುನಿಗಂಗಮ್ಮ. “ಇವತ್ತೊಂದಿನ. ಚಂದ್ರ ಮುಳುಗೋವರ್ಗೂ ತಡ್ಕಳಿ.”

“ನೀವಿದ್ದೀರಲ್ಲ ಅಜ್ಜಿ. ಈಗ ಹೋಗಿ ಈಗ ಬಂದೆ.”

“ನನ್ ಮಾತು ಯಾರ್ ಕೇಳ್ತಾರೆ? ನೀವು ಕೇಳಿದ್ರಾ?”

ಅವನಿಗೆ ಅದು ಕೇಳಿಸಲಿಲ್ಲ. ಅವನು ಆಗಲೇ ಓಡುತ್ತಿದ್ದ. ಮುಗಿಯುವವರೆಗೂ ಎದ್ದು ಹೋಗಬಾರದೆಂದು ಮಗಳಿಗೆ ಕಲಿಸಿದವನು ಮಗಳಿಗಾಗಿಯೇ ಎದ್ದು ಹೋದ. ಯಾವ ತಂದೆಯಾದರೂ ಹೋಗುತ್ತಿದ್ದ.

ಶಿವಾನಿ ಬಾಗಿಲಲ್ಲೇ ಇದ್ದಳು. ಅವನನ್ನು ಕಂಡು ಓಡಿ ಬಂದು ಕುತ್ತಿಗೆಗೆ ಜೋತುಬಿದ್ದಳು. ಅವನ ಗಡ್ಡವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಬಾಯಿ ತೆರೆದಳು.

“ಅ...”

“ಹೇಳು ಪುಟ್ಟಿ.”

“ಅಪ್...”

ನಿಂತಿತು. ಮತ್ತೆ ಬಾಯಿ ತೆರೆದಳು. ಖಾಲಿ. ಮತ್ತೊಮ್ಮೆ. ಖಾಲಿ.

ಕೇದಾರ್ ಅವಳನ್ನು ಇಳಿಸಿ ಓಡಿದ. ಉಸಿರು ಕಟ್ಟಿತು. ಓಡಿದ. ಮುಗ್ಗರಿಸಿದ. ಎದ್ದು ಓಡಿದ. ಮೂರು ದಾರಿ. ಕುಂಬಳ ಇತ್ತು. ನಿಂಬೆಹೋಳು ಇತ್ತು. ನಡುವೆ ಏನೂ ಇರಲಿಲ್ಲ.

“ಬೈಕಲ್ ಬಂದ,” ಮುನಿಗಂಗಮ್ಮ ರಸ್ತೆಯಲ್ಲೇ ಕುಸಿದು ಕೂತಿದ್ದಳು. ಬುಟ್ಟಿ ಉರುಳಿ ಹೂವೆಲ್ಲ ಮಣ್ಣಾಗಿತ್ತು. “ಮುಟ್ಬೇಡಪ್ಪಾ ಅಂದೆ. ಕೈ ಮುಗಿದೆ. ನಕ್ಬಿಟ್ಟ ಸ್ವಾಮಿ.”

ಕಮ್ಮನಹಳ್ಳಿ ಮುಖ್ಯರಸ್ತೆಯ ಗೇಮ್ ಅಂಗಡಿಗಳಲ್ಲಿ, ಶಿವಾಜಿನಗರದ ರಿಪೇರಿ ಓಣಿಗಳಲ್ಲಿ ಅವನು ಸಂಜೆಯವರೆಗೂ ಹುಚ್ಚನ ಹಾಗೆ ತಿರುಗಿದ. ಕಪ್ಪು ಸೆಟ್ಟು ಯಾರಾದರೂ ತಂದರೆ ಏನೂ ಅಳಿಸಬೇಡಿ ಎಂದು ಸಿಕ್ಕವರ ಕೈ ಹಿಡಿದುಕೊಂಡ. ಕೆಲವರು ಆಗಲಿ ಎಂದರು. ಕೆಲವರು ಬೆನ್ನ ಹಿಂದೆ ನಕ್ಕರು.

ಮನೆಗೆ ಬಂದು ಶೂ ಬಿಚ್ಚಲು ಕೂತಾಗ ಆ ವಾಸನೆ ಬಂತು. ಸುಟ್ಟ ಮೆಣಸಿನಕಾಯಿ. ಕೋಣೆಯೆಲ್ಲ ತುಂಬಿತು, ಒಬ್ಬರಿಗೂ ಕೆಮ್ಮು ಬರಲಿಲ್ಲ. ಈ ಊರಿನಲ್ಲಿ ಎಲ್ಲೋ ಒಬ್ಬ, ವೈರು ಅಲುಗದ ಹಾಗೆ ಹುಷಾರಾಗಿ ಕೂತು, ಬಿಳಿಯ ಅಕ್ಷರಗಳು ಹರಿಯುವುದನ್ನು ನೋಡುತ್ತಿದ್ದ. ಅದಕ್ಕೂ ಮೊದಲು ಅವನ ಕೈಯಲ್ಲಿ ಅದು “ಅಪ್ಪಾ” ಎಂದಿರಬೇಕು. ಯಾರದೋ ರೆಕಾರ್ಡಿಂಗ್ ಅಂದುಕೊಂಡಿರುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಸ್ಕ್ರೀನು ಹೆಸರು ಕೇಳುತ್ತದೆ. ಆ ಮನೆಯಲ್ಲಿ ಮಕ್ಕಳಿರದಿರಲಿ ಎಂದು ಕೇದಾರ್ ದೇವರಿಗೆ ಮೊದಲ ಸಲ ಕೈ ಮುಗಿದ.

ಶಿವಾನಿ ಈಗಲೂ ದಿನವಿಡೀ ಮಾತಾಡುತ್ತಾಳೆ. ಹಾಲು, ಪೆನ್ಸಿಲ್, ಸ್ಕೂಲು, ಅಮ್ಮ, ಎಲ್ಲ ಇದೆ. ಆ ಒಂದನ್ನು ಕಲಿಸಲು ಕೇದಾರ್ ತುಟಿಯ ಮೇಲೆ ಅವಳ ಬೆರಳಿಟ್ಟುಕೊಂಡು ಹೇಳಿಕೊಟ್ಟ. ಅವಳು ಕಣ್ಣು ತುಂಬಿಕೊಂಡು ತಲೆಯಾಡಿಸಿದಳು. ಅವನು ಬೇಕಾದಾಗ ಬಂದು ತೋಳು ಹಿಡಿದು ಎಳೆಯುತ್ತಾಳೆ.

ನಿನ್ನೆಯೂ ಬಂದು ಎಳೆದಳು. “ನೀರು,” ಎಂದಳು. ಅವನು ಲೋಟ ತುಂಬಿಸಿದ. ಆ ಮಾತಿನ ಹಿಂದೆ ಇನ್ನೊಂದು ಬರಬಹುದೆಂದು ಲೋಟ ಹಿಡಿದು ಸ್ವಲ್ಪ ಹೊತ್ತು ಕಾದ. ಆಮೇಲೆ ಕೊಟ್ಟ.